ಹದಿನಾಲ್ಕನೆಯ ಕೊಠಡಿಯ ಡಂಗುರ

ಕೆಂಬಣ್ಣ ಶೀತಗೃಹದಲ್ಲಿ ಬಾಗಿಲುಗಳು ಮಾತಾಡುತ್ತಿದ್ದವು. ಬಾಗಿಲುಗಳಷ್ಟೇ ಅಲ್ಲ, ಪಂಪುಗಳು, ತಂಪು ಹರಿಸುವ ಕೊಳವೆಗಳು, ಚೀಲ ಎತ್ತುವ ಲಿಫ್ಟುಗಳು, ಕಡೆಗೆ ಚಹಾ ಕಾಯಿಸುವ ಬಾಯ್ಲರು ಕೂಡ ತಮಗೆ ಆದದ್ದನ್ನು ಆದ ಕ್ಷಣವೇ ಒಂದು ಸಾಲಿನಲ್ಲಿ ಬರೆದು, ಆ ಸಾಲಿಗೊಂದು ಸಂಖ್ಯೆ ಹಚ್ಚಿ, ಒಳಜಾಲದಲ್ಲಿ ತಮ್ಮ ತಮ್ಮ ವಿಳಾಸದಲ್ಲಿ ಇಡುತ್ತಿದ್ದವು. ಬೇಕಾದವರು ಆ ವಿಳಾಸಕ್ಕೆ ಚಂದಾದಾರರಾದರೆ ಸಾಕು, ಸುದ್ದಿ ತಾನಾಗಿ ಬಂದು, ಕಿವಿಗೆ ಸಿಕ್ಕಿಸಿಕೊಂಡ ಮಣಿಯಂಥ ಪುಟ್ಟ ಸ್ಪೀಕರಿನೊಳಗೆ ಬೀಳುತ್ತಿತ್ತು. ಯಾರೂ ಯಾರಿಗೂ ಫೋನು ಮಾಡಿ ಕೇಳಬೇಕಿರಲಿಲ್ಲ. ‘ಒಂಬತ್ತನೆಯ ಬಾಗಿಲು. ತೆರೆದಿದೆ’ ಎಂದು ಮಣಿ ನುಡಿದರೆ ಹಮಾಲರು ಬೀಡಿ ಆರಿಸಿ ಏಳುತ್ತಿದ್ದರು. ಕಂಪನಿಯ ಕಾಗದದಲ್ಲಿ ಇದಕ್ಕೆ ವೆಬ್ ಫೀಡ್ ಎಂದು ಹೆಸರು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಡಂಗುರ ಅಂದರು. ಆ ಹೆಸರೇ ನಿಂತಿತು.

ವರದಾ ಹೊಳೆಯ ದಂಡೆಯ ಆ ಊರಿಗೂ ಡಂಗುರ ಬೇಗ ಒಗ್ಗಿತು. ಹಾಲಿನ ಡೇರಿ, ಬಸ್ ಡಿಪೊ, ನೀರಿನ ಟ್ಯಾಂಕು ಎಲ್ಲವೂ ಸಾರತೊಡಗಿದವು. ನಳದ ಮುಂದೆ ಕೊಡ ಇಟ್ಟು ಕಾಯುವುದು ತಪ್ಪಿತು. ಕೆಲವು ಅತ್ತೆಯರು ಸೊಸೆಯರ ಕೈಪಟ್ಟಿಗೂ ಚಂದಾದಾರರಾಗಿ, ಸೊಸೆ ಹೊಲದಲ್ಲಿ ಯಾವ ಗಿಡದ ಕೆಳಗೆ ಎಷ್ಟು ಹೊತ್ತು ಕೂತಳೆಂದು ಮನೆಯಲ್ಲಿ ಕೂತೇ ಹೇಳತೊಡಗಿದಾಗ ಒಂದೆರಡು ಸಂಸಾರ ಒಡೆದವು, ಒಂದಷ್ಟು ಕೈಪಟ್ಟಿಗಳು ಹೊಳೆ ಸೇರಿದವು. ಮಿಕ್ಕಂತೆ ಜನ ಹೊಂದಿಕೊಂಡರು.

ಎಲ್ಲೋ ದೂರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳು ಸಾರುತ್ತಲೇ ಇದ್ದು, ಕೇಳುವವರು ಒಬ್ಬರೂ ಇಲ್ಲದೆ ಜನ ಸತ್ತ ಮೇಲೆ ಸರ್ಕಾರ ಒಂದು ನಿಯಮ ತಂದಿತು. ಪ್ರತಿ ಕೆಲಸದ ಜಾಗದಲ್ಲೂ ಡಂಗುರವನ್ನು ಒಬ್ಬ ಮನುಷ್ಯ ಕೂತು ಕೇಳಬೇಕು. ಕೇಳಿದವರು ಪರದೆಯ ಮೇಲಿನ ‘ಕೇಳಿದೆ’ ಎಂಬ ಗುಂಡಿ ಒತ್ತಿದರೆ ಮಾತ್ರ ದಿನದ ವರದಿ ಜಿಲ್ಲೆಯ ಸುರಕ್ಷಾ ಕಚೇರಿಗೆ ಹೋಗುತ್ತದೆ. ಹುದ್ದೆಗೆ ‘ಶ್ರೋತೃ’ ಎಂದು ಹೆಸರು. ಕೆಂಬಣ್ಣದ ಮ್ಯಾನೇಜರ್ ಇಟಗಿ ಅದಕ್ಕೆ ಶೇಖವ್ವಳನ್ನು ಆರಿಸಿದ. ಅವಳು ಶಾಲೆಯನ್ನು ಅರ್ಧಕ್ಕೇ ಬಿಟ್ಟು, ತಾಯಿ ದುರಗವ್ವನ ಮಗ್ಗುಲಲ್ಲಿ ತೊಟ್ಟು ಬಿಡಿಸುತ್ತ ಬೆಳೆದವಳು. ಓದಲು ಬರುತ್ತಿತ್ತು, ಕಣ್ಣು ಚುರುಕಾಗಿತ್ತು, ಬಾಯಿ ಮಾತ್ರ ಇದೆಯೋ ಇಲ್ಲವೋ ಎನ್ನುವಂತಿತ್ತು. ಎಲ್ಲವನ್ನೂ ಕೇಳಿ ಏನನ್ನೂ ಹೇಳದವಳು ಸಿಕ್ಕಳೆಂದು ಇಟಗಿಗೆ ಸಮಾಧಾನ.

ಸಭಾಂಗಣದಷ್ಟು ದೊಡ್ಡದಾದ, ತೊಟ್ಟು ಬಿಡಿಸುವ ಹಾಲಿನಲ್ಲಿ ಹೆಂಗಸರು ಅವಳನ್ನು ಕೇಳಾಕಿ ಎಂದು ಕರೆದರು. ಅವಳು ಮೇಲಿನ ನಿಯಂತ್ರಣ ಕೊಠಡಿಗೆ ಮೆಟ್ಟಿಲು ಹತ್ತಿದ ಮೊದಲ ದಿನ ಹುಸೇನಬಿ ಎಂಬ ಹಿರಿಯಳು ಎಲ್ಲರಿಗೂ ಕೇಳುವಂತೆ ಅಂದಿದ್ದಳು: “ಕುಂತು ಕೇಳಾಕ ಪಗಾರ ಕೊಡ್ತಾರಂತ ನೋಡ್ರವಾ. ನಾವು ಅತ್ತಿ ಮಾತು ಇಷ್ಟ ವರ್ಷ ಪುಕ್ಕಟ ಕೇಳಿದ್ವಿ.” ದುರಗವ್ವ ನಗಲಿಲ್ಲ. ಮಗಳು ಕುರ್ಚಿಯ ಮೇಲೆ ಕೂರುವ ಕೆಲಸಕ್ಕೆ ಹೋದದ್ದು ಅವಳಿಗೆ ನಗೆಯ ಮಾತಾಗಿರಲಿಲ್ಲ.

ಮೆಣಸಿನಕಾಯಿಯ ಬಣ್ಣ ಕೆಡದಂತೆ ಕಾಯುವುದು ತಂಪು. ತಂಪು ಹುಟ್ಟುವುದು ಕೊಳವೆಗಳಲ್ಲಿ ಓಡುವ ಅಮೋನಿಯಾದಿಂದ. ಅದು ಕೊಳವೆಯೊಳಗೆ ಇರುವ ತನಕ ಸೇವಕ, ಹೊರಗೆ ಬಂದರೆ ಕಣ್ಣು, ಗಂಟಲು, ಪುಪ್ಪುಸ ಸುಡುವ ವಿಷ. ಬೇರೆ ಕಡೆ ಹನಿ ಸೋರಿದರೂ ಮೂಗಿಗೆ ತಿಳಿಯುತ್ತದೆ. ಇಲ್ಲಿ ಹಾಗಲ್ಲ. ಹಾಲಿಗೆ ಹೊಸಬರು ಕಾಲಿಟ್ಟರೆ ಘಾಟಿಗೆ ಸೀನಿ ಸೀನಿ ಹೊರಗೋಡುತ್ತಾರೆ. ವರ್ಷಗಟ್ಟಲೆ ಅಲ್ಲೇ ಕೂತ ಹೆಂಗಸರ ಮೂಗು ಯಾವ ವಾಸನೆಯನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕೆಮ್ಮು, ಸೀನು, ಕಣ್ಣೀರು ಅಲ್ಲಿ ದಿನದ ಮಾತು. ಅದಕ್ಕೇ ಹಾಲಿಗೆ ತೆರೆಯುವ ಪ್ರತಿ ಶೀತ ಕೊಠಡಿಯ ಬಾಗಿಲಿನ ಮೇಲೂ ಕಂಪನಿಯವರು ಒಂದೊಂದು ಲೋಹದ ಮೂಗು ಕೂರಿಸಿದ್ದರು. ಅನಿಲದ ಸುಳಿವು ಸಿಕ್ಕರೆ ಅದು ಸಾರುತ್ತಿತ್ತು, ಕಹಳೆ ಕೂಗುತ್ತಿತ್ತು, ಎಲ್ಲರೂ ಅಂಗಳಕ್ಕೆ ಹೋಗಬೇಕಿತ್ತು.

ಆ ಮೂಗಿಗೆ ಒಂದು ದೌರ್ಬಲ್ಯವಿತ್ತು. ದಟ್ಟವಾದ ಮೆಣಸಿನ ಧೂಳಿಗೂ ಅನಿಲಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇದನ್ನು ಮೊದಲು ಕಂಡುಕೊಂಡವಳು ದುರಗವ್ವ. ಬೆನ್ನು ಸೆಟೆದು, ಬೆರಳು ಉರಿದು, ಇನ್ನು ಕೂರಲಾರೆ ಎನಿಸಿದಾಗ ಅವಳು ಎದ್ದು ಒಂದು ಖಾಲಿ ಚೀಲವನ್ನು ಮೂಗಿನ ಕೆಳಗೆ ಪಟಪಟನೆ ಝಾಡಿಸುತ್ತಿದ್ದಳು. ಮೂಗು ಒದರಿತೆಂದರೆ ಹಾಲು ಖಾಲಿ. ಹೊರಗೆ ಗಾಳಿ, ಚಹಾ, ಎಲೆ ಅಡಿಕೆ, ಎರಡು ಮಾತು. ಆಮೇಲೆ ಎಲ್ಲರೂ ಕಲಿತರು. ವಿರಾಮದ ಗಂಟೆಯನ್ನು ಕಂಪನಿ ಕೊಡದಿದ್ದಾಗ ಹೆಂಗಸರು ತಾವೇ ಬಾರಿಸಿಕೊಂಡರು. ಮೇಲಿನವರಿಗೆ ಅನುಮಾನವಿತ್ತು, ಸಾಕ್ಷಿ ಇರಲಿಲ್ಲ. ಸಿಕ್ಕವರನ್ನು ಅವತ್ತೇ ಕೆಲಸದಿಂದ ಬಿಡಿಸುವುದಾಗಿ ಇಟಗಿ ಗೋಡೆಗೆ ಬರೆಸಿ ಹಾಕಿದ್ದ.

ಒಂದು ಸಂಜೆ ಮನೆಯಲ್ಲಿ ಶೇಖವ್ವ ರೊಟ್ಟಿ ಬಡಿಯುತ್ತಿದ್ದಳು. ದುರಗವ್ವ ಕಟ್ಟೆಗೆ ಒರಗಿ ಕಾಲು ಚಾಚಿ ಕೂತು ಕೆಲಸದ ಹಾಲಿನ ಸುದ್ದಿ ಹೇಳುತ್ತಿದ್ದಳು. ಅರ್ಧ ಮಾತಿಗೆ ಕೆಮ್ಮು ಬಂದು, ಕೆಮ್ಮಿನ ಮೇಲೆ ಸಿಟ್ಟೂ ಬಂದು, ಆ ಸಿಟ್ಟು ಲೋಹದ ಮೂಗಿನ ಮೇಲೆ ತಿರುಗಿತು.

“ನಮ್ಮ ಹದಿನಾಲ್ಕನೇದರ ಮೂಗು ಸತ್ತೈತಿ ನೋಡು. ಎಷ್ಟ ಝಾಡಿಸಿದ್ರೂ ಹೂಂ ಅನವಲ್ದು. ಸಾಕಾಗಿ ಎಲ್ಲಾರೂ ಬಿಟ್ಟಬಿಟ್ಟೀವಿ. ಚಾ ಇಲ್ಲ, ಏನಿಲ್ಲ, ಕತ್ತಿಗತೆ ದುಡಿಯೂದು.”

ಕೆಮ್ಮು ಯಾವಾಗಿನಿಂದ ಎಂದು ಶೇಖವ್ವ ಕೇಳಿದಳು.

“ಮೆಣಸಿನಕಾಯಿ ರಾಶಿಯೊಳಗ ನಿನ್ನ ಹಡದಾಕಿ ನಾನು. ನನಗ ಕೆಮ್ಮು ಹೊಸದೇನ?” ಎಂದು ದುರಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶೇಖವ್ವ ಮತ್ತೆ ಕೇಳಲಿಲ್ಲ, ನೋಡಿದಳು. ಮೆಣಸಿನ ಕೆಮ್ಮು ಸೀನಿನ ಜೊತೆ ಬರುತ್ತದೆ, ಹಾಲು ಬಿಟ್ಟು ಹೊಳೆಯ ಗಾಳಿಗೆ ಬಂದರೆ ಇಳಿಯುತ್ತದೆ. ಇದು ಒಣ ಕೆಮ್ಮು. ಮನೆಗೆ ಬಂದ ಮೇಲೂ ಎದೆಯ ತಳದಿಂದ ಎಳೆದು ಎಳೆದು ಬರುತ್ತಿತ್ತು. ಗೋಡೆಯ ಆಚೆ ಹುಸೇನಬಿಯ ಮನೆಯಿಂದಲೂ ಅಂಥದೇ ಕೆಮ್ಮು ಕೇಳುತ್ತಿತ್ತು. ಕೆಳಗಿನ ಹಾಲಿನಲ್ಲಿ ಹದಿನಾಲ್ಕನೆಯ ಕೊಠಡಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂರುವವರು ಇವರಿಬ್ಬರು.

ಮರುದಿನ ಬೆಳಗ್ಗೆ ನಿಯಂತ್ರಣ ಕೊಠಡಿಯಲ್ಲಿ ಅವಳು ಇಮ್ತಿಯಾಜನನ್ನು ಮೂಗಿನ ಬಗ್ಗೆ ವಿಚಾರಿಸಿದಳು. ಡಂಗುರದ ಇಂಜಿನಿಯರ್ ಅವನೇ. ಒಳ್ಳೆಯ ಹುಡುಗ, ಮಾಡಿದ ಕೆಲಸವನ್ನು ಯಾರಾದರೂ ಕೇಳಿದರೆ ಖುಷಿಯಾಗುವವನು. ಮೂಗು ಸತ್ತಿಲ್ಲ, ಅದರ ಬಾಯಿಯನ್ನು ತಾನೇ ಕಟ್ಟಿದ್ದೇನೆ ಎಂದು ಅವನು ವಿವರಿಸಿದ.

ಪ್ರತಿ ಸುದ್ದಿಗೂ ಒಂದು ಸಂಖ್ಯೆ ಇರುತ್ತದಲ್ಲ, ಎಲ್ಲ ಸುದ್ದಿಗಳನ್ನು ಒಟ್ಟುಮಾಡಿ ಶೇಖವ್ವಳ ಕಿವಿಗೆ ತಲುಪಿಸುವ ತಂತ್ರಾಂಶ ಮೊದಲು ಆ ಸಂಖ್ಯೆಯನ್ನು ನೋಡುತ್ತದೆ. ಹೊಸ ಸಂಖ್ಯೆಯಾದರೆ ಓದುತ್ತದೆ. ಹಿಂದೆ ಓದಿದ ಸಂಖ್ಯೆಯೇ ಮತ್ತೆ ಬಂದರೆ ಹಳೆಯ ಸುದ್ದಿ ಎಂದು ಪಕ್ಕಕ್ಕೆ ಸರಿಸುತ್ತದೆ. ಇಲ್ಲದಿದ್ದರೆ ಒಂದೇ ಸುದ್ದಿ ಕಿವಿಯಲ್ಲಿ ನೂರು ಸಲ ಮೊಳಗಿ ತಲೆ ಕೆಡುತ್ತದೆ. ಹದಿನಾಲ್ಕನೆಯದರ ಸುಳ್ಳು ಕೂಗು ಹೆಚ್ಚಾದಾಗ ಇಟಗಿ ಅದನ್ನು ನಿಲ್ಲಿಸಲು ಹೇಳಿದ್ದ. ಮೂಗನ್ನೇ ಆರಿಸಿದರೆ ನಿಯಮ ಮುರಿದಂತೆ. ಹಾಗಾಗಿ ಇಮ್ತಿಯಾಜ್ ಆ ಮೂಗಿನ ಎಲ್ಲ ಸುದ್ದಿಗೂ ಒಂದೇ ಸಂಖ್ಯೆ ಬರುವಂತೆ ಮಾಡಿದ್ದ. ಮೂಗು ಸಾರುತ್ತದೆ. ಆದರೆ ಮೊದಲ ಸಲದ ನಂತರ ಅದು ಯಾರ ಕಿವಿಗೂ ಬೀಳುವುದಿಲ್ಲ, ಕಹಳೆಯೂ ಕೂಗುವುದಿಲ್ಲ.

ಸೋಸುವ ಮೊದಲಿನ ಹಸಿ ಡಂಗುರವನ್ನು ತೋರಿಸೆಂದು ಶೇಖವ್ವ ಕೇಳಿದಳು. ಅವನು ವಿಳಾಸ ಒತ್ತಿದ. ಪರದೆಯ ತುಂಬ ಒಂದೇ ಸಾಲು, ಒಂದರ ಕೆಳಗೊಂದು, ಅವರು ನೋಡುತ್ತಿರುವಂತೆಯೇ ಮೇಲೆ ಹೊಸದಾಗಿ ಬಂದು ಕೂರುತ್ತಿತ್ತು. ಹದಿನಾಲ್ಕನೆಯ ಕೊಠಡಿ. ಅಮೋನಿಯಾ. ಎಚ್ಚರದ ಗೆರೆ ದಾಟಿದೆ.

“ನೋಡಿದ್ಯಾ?” ಎಂದ ಇಮ್ತಿಯಾಜ್. “ಇಷ್ಟ ಮುಂಜಾನೇನ ಶುರು ಮಾಡ್ಯಾರ ನಿಮ್ಮ ಮಂದಿ. ಚೀಲ ಹರದ ಹೋಗೂತನಕ ಝಾಡಸ್ತಾರ.”

ಶೇಖವ್ವ ಆ ಸಾಲುಗಳನ್ನೇ ನೋಡಿದಳು. ಝಾಡಿಸುವುದನ್ನು ಬಿಟ್ಟಿದ್ದೇವೆ ಎಂದು ನಿನ್ನೆ ಅವ್ವ ತನ್ನ ಬಾಯಿಂದಲೇ ಅಂದಿದ್ದಳು. ಅದನ್ನು ಇಲ್ಲಿ ಹೇಳಿದರೆ, ಮೊದಲು ಝಾಡಿಸುತ್ತಿದ್ದಳು ಎಂದೂ ಹೇಳಿದಂತಾಯಿತು. ಅವ್ವ ಸಂಜೆಯೊಳಗೆ ಗೇಟಿನ ಹೊರಗೆ. ಹೇಳದಿದ್ದರೆ ಅವ್ವ ಈಗ, ಈ ಕ್ಷಣ, ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಒಮ್ಮೆ ಕೊಠಡಿ ತೆರೆದು ನೋಡಬಾರದೇ ಎಂದಷ್ಟೇ ಅವಳು ಕೇಳಿದಳು. ಇಟಗಿ ಸಾಹೇಬರ ಅಪ್ಪಣೆ ಬೇಕು ಎಂದು ಇಮ್ತಿಯಾಜ್ ಪರದೆಯಿಂದ ಕಣ್ಣು ಕಿತ್ತ. ಆದರೆ ಮತ್ತೊಮ್ಮೆ ತಿರುಗಿ ನೋಡಿದ. ಸಾಲುಗಳು ಏರುತ್ತಲೇ ಇದ್ದವು.

ಆ ದಿನ ಹೊರ ರಾಜ್ಯದ ವ್ಯಾಪಾರಿಗಳು ದಾಸ್ತಾನು ನೋಡಲು ಬಂದಿದ್ದರು. ಇಟಗಿ ಅವರಿಗೆ ಶಾಲು ಹೊದಿಸಿ, ಶೀತಗೃಹದ ಸುರಕ್ಷತೆಯ ವರದಿಯನ್ನು ದೊಡ್ಡ ಪರದೆಯ ಮೇಲೆ ಹಸಿರಾಗಿ ತೋರಿಸಬೇಕೆಂದಿದ್ದ. ಅದಕ್ಕೆ ಸಂಜೆಯ ಬದಲು ಮಧ್ಯಾಹ್ನಕ್ಕೇ ಗುಂಡಿ ಒತ್ತುವಂತೆ ಶೇಖವ್ವಳಿಗೆ ಹೇಳಿ ಕಳಿಸಿದ. ಅವಳು ತಾನೇ ಅವನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹದಿನಾಲ್ಕನೆಯದನ್ನು ನೋಡಿಸಬೇಕೆಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಇಟಗಿ ನಕ್ಕುಬಿಟ್ಟ. ಆ ಕೊಠಡಿಯಲ್ಲಿ ಇರುವುದು ಎಲ್ಲಕ್ಕಿಂತ ಕೆಂಪಾದ ಮಾಲು. ವ್ಯಾಪಾರಿಗಳು ಹಾಲಿಗೆ ಬರುವ ಮೊದಲೇ ಬಾಗಿಲು ತೆರೆದು ಬಿಸಿಗಾಳಿ ನುಗ್ಗಿಸಿ, ಜನರನ್ನು ಹೊರಗೆ ಕಳಿಸಿ ಗದ್ದಲ ಎಬ್ಬಿಸಿದರೆ ಅವರು ನೋಡುವುದೇನನ್ನು? ಚೀಲ ಝಾಡಿಸುವವರ ಆಟ ತನಗೆ ಗೊತ್ತಿಲ್ಲವೇ ಎಂದ. ಕೊನೆಗೆ ದನಿ ಮೆತ್ತಗೆ ಮಾಡಿ ಅಂದ:

“ನೋಡ ತಂಗಿ, ನಿನ್ನ ತಗೊಂಡಿದ್ದು ಕೇಳಾಕ, ಹೇಳಾಕಲ್ಲ. ಹೋಗಿ ಒತ್ತು.”

ಅವಳು ಮೇಲೆ ಹೋದಳು. ಗುಂಡಿ ಪರದೆಯ ಮೇಲೆ ಮಿಣುಕುತ್ತಿತ್ತು. ‘ಕೇಳಿದೆ’ ಎಂಬುದರ ಪಕ್ಕದಲ್ಲಿ ‘ಕೇಳಲಿಲ್ಲ’ ಎಂಬ ಇನ್ನೊಂದು ಗುಂಡಿ ಇರಲಿಲ್ಲ. ನಿಯಮ ಬರೆದವರಿಗೆ ಹಾಗೆನ್ನುವ ಮನುಷ್ಯರು ಇರಬಹುದೆಂದು ಹೊಳೆದಿರಲಿಕ್ಕಿಲ್ಲ. ಅವಳು ಕುರ್ಚಿಯಲ್ಲಿ ಕೂರದೆ, ಹಸಿ ಡಂಗುರದ ವಿಳಾಸವನ್ನು ತನ್ನ ಫೋನಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಇಮ್ತಿಯಾಜ್ ನೋಡಿದ, ತಡೆಯಲಿಲ್ಲ. ಆ ವಿಳಾಸಕ್ಕೆ ಬೀಗವೇ ಇರಲಿಲ್ಲ. ಯಾರಿಗೂ ಬೇಡದ ಸುದ್ದಿಗೆ ಬೀಗ ಯಾಕೆಂದು ಹಾಕಿರಲಿಲ್ಲ.

ಹಾಲಿನಲ್ಲಿ ಎಂದಿನಂತೆ ಸೀನು, ಹಾಡು, ಜಗಳ. ಹೆಂಗಸರು ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಂಪು ರಾಶಿಗಳ ಸುತ್ತ ಕೂತಿದ್ದರು. ಕುರ್ಚಿಯವಳು ನೆಲಕ್ಕೆ ಬಂದಳಲ್ಲ ಎಂದು ಯಾರೋ ಕಾಲೆಳೆದರು. ಶೇಖವ್ವ ಸೀದಾ ತಾಯಿಯ ಹತ್ತಿರ ಹೋಗಿ, ತನ್ನ ಕಿವಿಯ ಮಣಿ ತೆಗೆದು ಅವಳ ಕಿವಿಗೆ ಹಾಕಿದಳು.

ದುರಗವ್ವ ಕೇಳಿದಳು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಕೈ ನಿಂತಿತು. ಮಣಿಯೊಳಗೆ ಯಂತ್ರದ ಸಪ್ಪೆ ದನಿ ಅದೇ ಮಾತನ್ನು ಹೇಳುತ್ತಲೇ ಇತ್ತು. ಇದು ಹಳೆಯದೋ ಈಗಿನದೋ ಎಂದು ಅವಳು ಮಗಳನ್ನು ಕಣ್ಣಲ್ಲೇ ಕೇಳಿದಳು. ಈಗಿನದು ಎಂದು ಶೇಖವ್ವ ತಲೆಯಾಡಿಸಿದಳು. ದುರಗವ್ವ ಮುಖದ ಬಟ್ಟೆ ಕೆಳಗೆ ಎಳೆದು ಎದ್ದು ನಿಂತಳು.

“ಯಾರರ ಚೀಲ ಝಾಡಿಸೀರೇನು? ಖರೇ ಹೇಳ್ರಿ. ಇವತ್ತ, ನಿನ್ನೆ, ಮೊನ್ನೆ. ಯಾರರ?”

ಮುಸಿಮುಸಿ ನಗೆ ಎದ್ದಿತು. ಮೂಗು ಸತ್ತ ಮೇಲೆ ಝಾಡಿಸಿ ಏನು ಉಪಯೋಗ ಎಂದು ಒಬ್ಬಳು ಅಂದಳು. ದುರಗವ್ವ ನಗಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತ ಹೋದಳು. ಇಲ್ಲ, ಇಲ್ಲ, ನಾನಿಲ್ಲ, ದೇವರಾಣೆ ಇಲ್ಲ. ಕೇಳುತ್ತ ಕೇಳುತ್ತ ನಗೆ ಅಡಗಿತು. ಮೂಗಿನ ಸುಳ್ಳು ಯಾವುದೆಂದು ಇಂಜಿನಿಯರಿಗೆ ಗೊತ್ತಿರಲಿಲ್ಲ, ಮ್ಯಾನೇಜರಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿಸಿದವರಿಗೆ ಮಾತ್ರ ಗೊತ್ತಿತ್ತು. ಇವತ್ತು ಯಾರೂ ಹೇಳಿಸಿರಲಿಲ್ಲ.

ಹುಸೇನಬಿ ಮಂಡಿ ಹಿಡಿದು ಏಳುತ್ತ ಕೆಮ್ಮಿದಳು. ಆ ಕೆಮ್ಮನ್ನು ಈಗ ಎಲ್ಲರೂ ಬೇರೆ ಕಿವಿಯಿಂದ ಕೇಳಿದರು.

ಕಹಳೆ ಕೂಗಲಿಲ್ಲ. ಆದರೂ ಹಾಲು ಖಾಲಿಯಾಯಿತು. ತಟ್ಟೆ, ಚೀಲ, ಬಿಡಿಸಿದ ಕಾಯಿ, ಬಿಡಿಸದ ಕಾಯಿ ಎಲ್ಲ ಇದ್ದಲ್ಲೇ ಬಿಟ್ಟು, ಬಸುರಿಯರನ್ನು ಮುಂದೆ ಮಾಡಿಕೊಂಡು ಹೆಂಗಸರು ಅಂಗಳಕ್ಕೆ ನಡೆದರು. ಬೇರೆ ಹಾಲುಗಳಿಂದಲೂ ಜನ ಬಂದು ಸೇರಿದರು.

ಇಟಗಿ ವ್ಯಾಪಾರಿಗಳ ಜೊತೆಗೇ ಬಂದ. ಮುಖದ ಮೇಲೆ ನಗೆ ಇಟ್ಟುಕೊಂಡೇ, ಚಹಾ ಬೇಕಿತ್ತೇನು, ಕೇಳಿದ್ದರೆ ನಾನೇ ಕೊಡಿಸುತ್ತಿದ್ದೆ ಎಂದು ಹಗುರ ಮಾಡಲು ನೋಡಿದ. ಈಗ ಒಳಗೆ ಮರಳಿದವರನ್ನು ಕ್ಷಮಿಸುತ್ತೇನೆ ಎಂದ, ಇದು ಝಾಡಿಸುವವರ ಹಳೇ ಆಟ ಎಂದು ವ್ಯಾಪಾರಿಗಳಿಗೂ ತಿಳಿಸಿದ.

ದುರಗವ್ವ ಎರಡು ಹೆಜ್ಜೆ ಮುಂದೆ ಬಂದಳು. ಶೇಖವ್ವ ತಾಯಿಯ ಸೆರಗು ಹಿಡಿದು ಎಳೆದಳು. ದುರಗವ್ವ ಸೆರಗನ್ನು ಬಿಡಿಸಿಕೊಂಡಳು.

“ಹೌದ್ರಿ ಸಾಹೇಬ್ರ. ಝಾಡಿಸ್ತಿದ್ದಾಕಿ ನಾನು. ಮದಲ ಕಲಿಸಿದಾಕೀನೂ ನಾನ. ಬೆನ್ನ ನೋಯ್ತಿತ್ತು, ನೀವು ಬಿಡ್ತಿದ್ದಿಲ್ಲ, ಝಾಡಿಸ್ತಿದ್ದೆ. ಇವತ್ತ ಝಾಡಿಸಿಲ್ಲ. ಅದಕ್ಕ ಹೊರಗ ಬಂದೀನಿ.”

ಹಾಗಾದರೆ ಇವತ್ತಿನಿಂದ ನಿನಗೆ ಕೆಲಸವಿಲ್ಲ ಎಂದ ಇಟಗಿ, ಈ ಸಲ ನಗೆಯಿಲ್ಲದೆ. ಝಾಡಿಸಿದ ದಿನಕ್ಕೆ ತೆಗೆಯಿರಿ, ಬೇಡ ಅನ್ನುವುದಿಲ್ಲ, ಇವತ್ತಿನದಕ್ಕೆ ಮಾತ್ರ ತೆಗೆಯಬೇಡಿ ಎಂದಳು ದುರಗವ್ವ. ನನ್ನ ಹೆಸರೂ ಬರೆದುಕೊಳ್ಳಿ ಎಂದಳು ಹುಸೇನಬಿ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಒಮ್ಮೆಯೂ ಝಾಡಿಸದ ಒಬ್ಬಳು ಕೂಡ ತಾನೂ ಝಾಡಿಸಿದ್ದೇನೆ ಎಂದಾಗ ಪಕ್ಕದವಳು ಅವಳನ್ನು ತಿವಿದಳು.

ಇಟಗಿ ಅವರನ್ನು ಬಿಟ್ಟು ಶೇಖವ್ವಳ ಕಡೆ ತಿರುಗಿದ. ಈಗಲೇ ಗುಂಡಿ ಒತ್ತದಿದ್ದರೆ ನಾಳೆ ಆ ಕುರ್ಚಿಯಲ್ಲಿ ಬೇರೆಯವರು ಇರುತ್ತಾರೆ ಎಂದ. ಎಲ್ಲರೂ ಅವಳನ್ನೇ ನೋಡಿದರು. ಇಷ್ಟು ಕಣ್ಣುಗಳು ಒಟ್ಟಿಗೆ ಅವಳ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ಅವಳು ನೆಲ ನೋಡುತ್ತಲೇ ಮಾತಾಡಿದಳು.

“ಕುರ್ಚಿ ಬಿಡಿಸಬಹುದ್ರಿ. ಕೇಳೂದ ಬಿಡಿಸಾಕ ಬರೂದಿಲ್ಲ.”

ಅವಳು ಫೋನಿನ ದನಿ ಏರಿಸಿದಳು. ಹದಿನಾಲ್ಕನೆಯ ಕೊಠಡಿ. ಅಮೋನಿಯಾ. ವಿಳಾಸ ಹೇಳು ಎಂದು ಪಕ್ಕದವಳು ತನ್ನ ಫೋನು ಚಾಚಿದಳು. ಅವಳಿಂದ ಇನ್ನೊಬ್ಬಳಿಗೆ, ಇನ್ನೊಬ್ಬಳಿಂದ ಹಮಾಲರಿಗೆ. ಸ್ವಲ್ಪ ಹೊತ್ತಿನಲ್ಲಿ ಸೊಂಟದಿಂದ, ಕುಪ್ಪಸದೊಳಗಿಂದ, ಅಂಗಿಯ ಜೇಬಿನಿಂದ ಅದೇ ದನಿ ಹಿಂದೆಮುಂದಾಗಿ ಏಳತೊಡಗಿತು. ಕೊಠಡಿ, ಅಮೋನಿಯಾ, ದಾಟಿದೆ, ಹದಿನಾಲ್ಕನೆಯ. ವ್ಯಾಪಾರಿಗಳಲ್ಲಿ ಕನ್ನಡ ಬರುತ್ತಿದ್ದ ಹಿರಿಯನೊಬ್ಬ ಶಾಲು ತೆಗೆದು ಮಡಚಿದ. ಕೊಠಡಿ ತೆರೆಸಿ ನೋಡಿಬಿಡಿ, ನೀವು ನೋಡದ ಮಾಲನ್ನು ನಾವು ಕೊಳ್ಳುವುದು ಹೇಗೆ ಎಂದ.

ಇಟಗಿ ತಾನೇ ಹೋಗುತ್ತೇನೆ ಎಂದ. ಇಮ್ತಿಯಾಜ್ ಮುಖವಾಡ ಹಾಕಿಕೊಂಡು ಇನ್ನೊಂದನ್ನು ಅವನಿಗೆ ಕೊಟ್ಟ. ಇಷ್ಟು ಜನರೆದುರು ಮುಖವಾಡ ಹಾಕಿದರೆ ಸೋತಂತೆ ಎನಿಸಿತೋ ಏನೋ, ಇಟಗಿ ಅದನ್ನು ಕೈಯಲ್ಲೇ ಹಿಡಿದು ನಡೆದ. ಹಾಲಿನ ಕತ್ತಲೆ ಇಬ್ಬರನ್ನೂ ನುಂಗಿತು. ಅಂಗಳದಲ್ಲಿ ಯಾರೂ ಕೂರಲಿಲ್ಲ. ಕೊಠಡಿಯ ದೊಡ್ಡ ಬಾಗಿಲು ಜರುಗುವ ಸದ್ದು ಬಂತು. ಬೆನ್ನಿಗೇ ಇಟಗಿ ಓಡಿ ಬಂದ. ಎರಡೂ ಕೈ ಮುಖದ ಮೇಲೆ, ಕಾಲು ಎಲ್ಲೆಲ್ಲೋ. ಹುಸೇನಬಿ ಅವನನ್ನು ಹಿಡಿದು ಕೂರಿಸಿ, ಕೊಡದ ನೀರನ್ನು ಅವನ ಕಣ್ಣಿಗೆ ಸುರಿದಳು, ಬೈಯುತ್ತ, ಮತ್ತೆ ಸುರಿಯುತ್ತ. ಬಹಳ ಹೊತ್ತಿನ ಮೇಲೆ ಅವನಿಗೆ ಮಾತು ಬಂತು.

“ಮೆಣಸಿನಕಾಯಿ ಘಾಟು,” ಎಂದ.

ಯಾರೂ ನಗಲಿಲ್ಲ. ನಗೆ ಬರುವಂತಿತ್ತು, ಬರಲಿಲ್ಲ.

ಆಮೇಲೆ ಇಮ್ತಿಯಾಜ್ ಹೊರಗೆ ಬಂದು ಮುಖವಾಡ ಎತ್ತಿದ. ವಾಲ್ವಿನ ಕುತ್ತಿಗೆ ಸೋರುತ್ತಿತ್ತು, ಬಂದ್ ಮಾಡಿದ್ದೇನೆ, ಕೊಠಡಿಯೊಳಗೆ ತುಂಬಿದ್ದು ಹೋಗಲು ಹೊತ್ತು ಬೇಕು ಎಂದ. ಹೇಳುವಾಗ ಇಟಗಿಯನ್ನು ನೋಡಲಿಲ್ಲ, ದುರಗವ್ವನನ್ನು ನೋಡಿದ. ಮೂಗಿನ ಬಾಯಿ ಕಟ್ಟಿದ್ದು ನಾನು ಎಂದ. ಗೊತ್ತು, ಕಟ್ಟುವಂತೆ ಮಾಡಿದ್ದು ನಾವು, ಕಟ್ಟಿಸಿದ್ದು ಅವರು ಎಂದಳು ದುರಗವ್ವ. ಅಷ್ಟರಲ್ಲಿ ಇಟಗಿ ಎದ್ದು ನಿಂತಿದ್ದ. ಕೆಂಡದಂಥ ಕಣ್ಣು ಒರೆಸಿಕೊಳ್ಳುತ್ತ, ಸೋರಿಕೆ ನಿಂತಿತಲ್ಲ, ಗಾಳಿಯಾಡಿದ ಕೂಡಲೇ ಎಲ್ಲರೂ ಒಳಗೆ ಹೋಗಬೇಕು, ಸಂಜೆಗೆ ಎಂದಿನಂತೆ ವರದಿ ಹೋಗಬೇಕು ಎಂದ.

ಶೇಖವ್ವ ಇಮ್ತಿಯಾಜನ ಹತ್ತಿರ ಹೋಗಿ, ಒಂದು ಹೊಸ ಡಂಗುರ ಕಟ್ಟಲು ಎಷ್ಟು ಹೊತ್ತು ಬೇಕೆಂದು ಕೇಳಿದಳು. ಅವನು ಅರ್ಥವಾಗದೆ ನೋಡಿದ, ಅರ್ಥವಾದ ಮೇಲೆ ಇನ್ನೂ ಹೆಚ್ಚು ನೋಡಿದ. ಅವನ ಕೆಲಸವೂ ಆ ಪ್ರಶ್ನೆಯ ಮೇಲೆ ನಿಂತಿತ್ತು. ಜೇಬಿನಿಂದ ತನ್ನ ಪುಟ್ಟ ಪರದೆ ತೆಗೆದು ಬೆರಳಾಡಿಸಿದ. ಸುರಕ್ಷಾ ಕಚೇರಿಯ ಕಂಪ್ಯೂಟರು ಶೀತಗೃಹದ ಎಲ್ಲ ವಿಳಾಸಗಳಿಗೂ ತಾನಾಗಿ ಚಂದಾದಾರ, ಹಳೆಯ ಸಂಖ್ಯೆಯನ್ನು ಅದೂ ಸರಿಸುತ್ತದೆ, ಆದರೆ ಹೊಸ ವಿಳಾಸ ಹುಟ್ಟಿದರೆ ಅದನ್ನು ಓದುತ್ತದೆ, ಇಲ್ಲಿನ ಎಲ್ಲರ ಫೋನಿಗೂ ನಾನೇ ಸೇರಿಸುತ್ತೇನೆ ಎಂದ. ಯಂತ್ರದ ಹೆಸರು ಏನೆಂದು ಬರೆಯಲಿ ಎಂದು ಕೇಳಿದ.

“ಅಂಗಳ ಅಂತ ಬರಿ,” ಎಂದಳು.

ಆಮೇಲೆ ಪರದೆಯನ್ನು ಬಾಯಿಯ ಹತ್ತಿರ ಹಿಡಿದು, ಯಂತ್ರಗಳು ಮಾತಾಡುವ ಹಾಗೆಯೇ ತುಂಡು ತುಂಡಾಗಿ, ಒಂದಕ್ಷರವೂ ನುಂಗದೆ ಹೇಳಿದಳು. ಅಂಗಳ. ಹದಿನಾಲ್ಕನೆಯ ಕೊಠಡಿ ಸೋರಿದ್ದು ನಿಜ. ಮುಚ್ಚಿಟ್ಟಿದ್ದು ನಿಜ. ಪ್ರತಿ ಮೂಗಿನ ಮಾತು ಪ್ರತಿಯೊಬ್ಬರ ಕಿವಿಗೆ ಬೀಳುವ ತನಕ ನಾವು ಒಳಗೆ ಹೋಗುವುದಿಲ್ಲ.

ಕ್ಷಣ ಬಿಟ್ಟು ಅದೇ ಮಾತು ಎಲ್ಲರ ಫೋನುಗಳಿಂದ ಸಪ್ಪೆ ದನಿಯಲ್ಲಿ ಹಿಂದಿರುಗಿ ಬಂತು. ಇಟಗಿಯ ಜೇಬಿನಿಂದಲೂ ಬಂತು. ಅವನು ಫೋನು ತೆಗೆದು ಬಾಯಿ ಮುಚ್ಚಿಸಿದ. ಅಂಗಳದ ಆ ಕೊನೆಯಲ್ಲಿ ಅದು ಇನ್ನೂ ಹೇಳುತ್ತಿತ್ತು. ಜಿಲ್ಲಾ ಕಚೇರಿಯಿಂದ ಕರೆ ಬಂದು ಅದೇ ಫೋನು ಕೈಯಲ್ಲಿ ನಡುಗತೊಡಗಿದಾಗ ಅವನು ಎತ್ತಲೂ ಇಲ್ಲ, ಕತ್ತರಿಸಲೂ ಇಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಬಿಸಿಲಿನಲ್ಲೇ ನೆಲಕ್ಕೆ ಕೂತರು. ಶೇಖವ್ವ ನಡುವೆ ಜಾಗ ಮಾಡಿಕೊಂಡು ಕೂತಳು. ದುರಗವ್ವ ತನ್ನ ಪಕ್ಕದ ನೆಲವನ್ನು ಕೈಯಿಂದ ಸವರಿ, ನಿಂತೇ ಇದ್ದ ಮ್ಯಾನೇಜರನ್ನು ಕರೆದಳು.

“ಕುಂಡ್ರಿ ಸಾಹೇಬ್ರ. ಭಾಳ ಹೊತ್ತ ಆಕ್ಕೈತಿ.”